ಕ್ಷಣದ ನೋವಿಗೂ ಬೇಕು ಪೂರ್ವಸಿದ್ಧತೆ

ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಎದೆಯೊಳಗೆ ಉಳಿಯುವ ರಕ್ತ, ನೀರು, ಗಾಳಿ ಹೊರಹೋಗಲು ಡ್ರೈನ್ ಹಾಕಿರುತ್ತಾರೆ. ಒಂದೆರಡು ದಿನಗಳಲ್ಲಿ ಸೋರಿಕೆ ಇಳಿದರೆ ಅದನ್ನು ತೆಗೆಯುವುದು ರೂಢಿ. ‘ಉಸಿರು ಬಿಗಿಹಿಡೀರಿ’ ಎನ್ನುತ್ತಲೇ ಕಿರುಬೆರಳಿನಷ್ಟು ದಪ್ಪದ ಟ್ಯೂಬನ್ನು ಒಂದೇ ಬೀಸಿಗೆ ಎಳೆದು, ಗಾಳಿ ಒಳನುಗ್ಗದಂತೆ ಹೊಲಿಗೆ ಬಿಗಿಯುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ. ಆ ಕೆಲವು ಸೆಕೆಂಡುಗಳ ನೋವನ್ನು ಮನೆಗೆ ಹೋದಮೇಲೂ ಮರೆಯದ ರೋಗಿಗಳಿದ್ದಾರೆ.

ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೇ ಈ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡ್ರೈನ್ ತೆಗೆಯುವುದು, ಡ್ರೆಸಿಂಗ್ ಬದಲಿಸುವುದು ಮುಂತಾದ ಆರು ನಿತ್ಯದ ಕೆಲಸಗಳಿಂದಾಗುವ ನೋವನ್ನು ಅಮೆರಿಕದ ‘ಥಂಡರ್ ಪ್ರಾಜೆಕ್ಟ್-2’ ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅಳೆಯಿತು. ಅದರ ಫಲಿತಾಂಶದ ಪ್ರಕಾರ, ಶೇ 60ಕ್ಕೂ ಹೆಚ್ಚು ಮಂದಿಗೆ ಯಾವ ನೋವು ನಿವಾರಕವನ್ನೂ ಕೊಟ್ಟಿರಲಿಲ್ಲ.

ಡ್ರೈನ್ ತೆಗೆಯುವ ನೋವಿಗೆ ನರ್ಸಿಂಗ್ ಸಂಶೋಧಕರು ಸೂಚಿಸಿದ ಸುಲಭದ ಉಪಾಯ ಐಸ್ ಪ್ಯಾಕ್. ಚರ್ಮ ತಣ್ಣಗಾದಂತೆ ನರಗಳು ನೋವಿನ ಸಂಕೇತ ಸಾಗಿಸುವ ವೇಗ ತಗ್ಗುತ್ತದೆ. ಬೇರೆ ಸ್ಪರ್ಶ ಸಂವೇದನೆಗಳು ಬೆನ್ನುಹುರಿಯಲ್ಲೇ ನೋವಿನ ದಾರಿಗೆ ತಡೆಯೊಡ್ಡಬಲ್ಲವು ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತವೂ ಇದಕ್ಕೆ ಒತ್ತಾಸೆಯಾಗಿದೆ. ಟರ್ಕಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಾಮೂಲಿ ಔಷಧದ ಜೊತೆಗೆ 20 ನಿಮಿಷ ತಂಪು ಕೊಟ್ಟವರಿಗೆ ನೋವು ಕಡಿಮೆಯಾಯಿತು. ಆತಂಕ ಮಾತ್ರ ತಗ್ಗಲಿಲ್ಲ. 2002ರ ಅಮೆರಿಕದ ಅಧ್ಯಯನವೊಂದರಲ್ಲಿ ಐಸ್‌ನಿಂದ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ.

ಫಲಿತಾಂಶ ಹೀಗೆ ಹೊಯ್ದಾಡುವುದು ಅಚ್ಚರಿಯಲ್ಲ. ತಂಪು ಇಳಿಯುವುದು ಚರ್ಮ ಮತ್ತು ಅದರ ಕೆಳಗಿನ ತುಸು ಆಳದವರೆಗೆ. ಟ್ಯೂಬ್ ಉಜ್ಜಿಕೊಂಡು ಬರುವುದು ಇನ್ನೂ ಒಳಗೆ, ಎದೆಗೂಡಿನ ಒಳಮೈಗೆ ಅಂಟಿದ ಪೊರೆಯಲ್ಲಿ. ನೋವಿನ ನರಗಳು ದಟ್ಟವಾಗಿರುವ ಆ ಜಾಗಕ್ಕೆ ಐಸ್ ಪ್ಯಾಕ್ ಮುಟ್ಟುವುದಿಲ್ಲ. ಆದ್ದರಿಂದ ತಂಪು ಔಷಧಕ್ಕೆ ಜೊತೆಯಾಗಬಹುದೇ ಹೊರತು ಬದಲಿಯಾಗಲಾರದು.

ನಮ್ಮಲ್ಲಿ ಈ ಎಚ್ಚರಿಕೆ ಹೆಚ್ಚು ಅಗತ್ಯ. ಮಾರ್ಫಿನ್‌ನಂಥ ಓಪಿಯಾಯ್ಡ್ ನೋವು ನಿವಾರಕಗಳನ್ನು ಅತಿಯಾಗಿ ಬರೆದು ಕೈ ಸುಟ್ಟುಕೊಂಡ ಅಮೆರಿಕಕ್ಕೆ ಔಷಧರಹಿತ ಉಪಾಯಗಳು ಆಪ್ಯಾಯವೆನಿಸುವುದು ಸಹಜ. ಭಾರತದ ಕಷ್ಟ ಇದಕ್ಕೆ ತಿರುವುಮುರುವು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ದಾಸ್ತಾನಿಡಲೂ ಆಸ್ಪತ್ರೆಗಳು ಹಿಂಜರಿದವು. 2014ರ ತಿದ್ದುಪಡಿ ನಿಯಮ ಸಡಿಲಿಸಿದರೂ ಅಳುಕು ಪೂರ್ತಿ ಹೋಗಿಲ್ಲ. ಇಂಥ ಕಡೆ ‘ಐಸ್ ಇಟ್ಟಿದ್ದೇವಲ್ಲ’ ಎಂಬುದು ಔಷಧ ಕೊಡದಿರಲು ನೆಪವಾಗಬಾರದು.

ಪರಿಹಾರದ ಸುಳಿವು ಇನ್ನೊಂದು ಅಧ್ಯಯನದಲ್ಲಿದೆ. ಕ್ಯಾಥ್ಲೀನ್ ಪಂಟಿಲ್ಲೊ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಮಾರ್ಫಿನ್ ಆಗಲಿ, ಓಪಿಯಾಯ್ಡ್ ಅಲ್ಲದ ಕೀಟೊರೊಲ್ಯಾಕ್ ಆಗಲಿ, ಅದರ ಪ್ರಭಾವ ಗರಿಷ್ಠ ಮಟ್ಟಕ್ಕೆ ಏರಿದ ಹೊತ್ತಿಗೆ ಸರಿಯಾಗಿ ಟ್ಯೂಬ್ ತೆಗೆದರೆ ನೋವು ಹಿಡಿತದಲ್ಲಿರುತ್ತದೆ. ರಕ್ತನಾಳಕ್ಕೆ ಕೊಟ್ಟ ಮಾರ್ಫಿನ್‌ಗೆ ಬೇಕಾದದ್ದು ಸುಮಾರು 20 ನಿಮಿಷ. ಐಸ್ ಪ್ಯಾಕ್‌ಗೆ ಬೇಕಾದದ್ದೂ ಅಷ್ಟೇ. ಅಂದರೆ ಒಂದೇ ಕಾಯುವಿಕೆಯಲ್ಲಿ ಎರಡೂ ಕೆಲಸ ಆಗುತ್ತವೆ. ಕೊರತೆ ಇರುವುದು ಆ 20 ನಿಮಿಷದ್ದು. ರೌಂಡ್ಸ್‌ಗೆ ಬಂದ ಹಿರಿಯ ವೈದ್ಯರು ‘ಇವತ್ತು ಡ್ರೈನ್ ತೆಗೀರಿ’ ಎಂದು ಮುಂದಿನ ಮಂಚಕ್ಕೆ ನಡೆದರೆ, ಕಿರಿಯರು ಟ್ರೇ ಹಿಡಿದು ಹಿಂದೆಯೇ ಬರುತ್ತಾರೆ. ಮದ್ದಿಗೆ ಕೆಲಸ ಮಾಡುವ ಪುರಸೊತ್ತೇ ಸಿಗುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಯಂತ್ರವೂ ಬೇಡ, ಅನುದಾನವೂ ಬೇಡ. ಡ್ರೈನ್ ತೆಗೆಯುವ ಸಮಯವನ್ನು ಕೇಸ್ ಶೀಟ್‌ನಲ್ಲಿ ಮೊದಲೇ ಬರೆಯಬೇಕು. ಅದಕ್ಕೆ ಹೊಂದಿಸಿ ಔಷಧ ಕೊಟ್ಟು, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಡುವ ಅಧಿಕಾರ ನರ್ಸ್‌ಗಳಿಗಿರಬೇಕು. ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ, ತಂಪಿನ ಅಲರ್ಜಿ ಇರುವವರಿಗೆ ಇದನ್ನು ಕೈಬಿಡಬೇಕು. ತೆಗೆದ ಮೇಲೆ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವೆಷ್ಟಿತ್ತೆಂದು ಕೇಳಿ ದಾಖಲಿಸಬೇಕು. ಆ ಅಂಕಿಗಳನ್ನು ವಿಭಾಗದ ಮುಖ್ಯಸ್ಥರು ತಿಂಗಳಿಗೊಮ್ಮೆಯಾದರೂ ನೋಡುವಂತಾದರೆ, ರೌಂಡ್ಸ್‌ನ ಅವಸರ ತಾನಾಗಿಯೇ ಕಡಿಮೆಯಾಗುತ್ತದೆ.