ಲೋಟದ ಪುಣ್ಯ, ಮಾತ್ರೆಯ ಖಾತೆಗೆ

2003ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ ಮಾರುಕಟ್ಟೆಯಿಂದ ‘ಎಕ್ಸೊಲಿಸ್’ ಎಂಬ ತೂಕ ಇಳಿಸುವ ಮಾತ್ರೆ ವಾಪಸಾಯಿತು. ಅದರಲ್ಲಿದ್ದದ್ದು ಗ್ರೀನ್ ಟೀ ಸಾರ. ನುಂಗಿದ ಕೆಲವರ ಲಿವರ್‌ಗೆ ಏಟು ಬಿದ್ದಿತ್ತು. ಎರಡು ದಶಕ ಕಳೆದರೂ ಇಂಥ ಮಾತ್ರೆಗಳ ಮೋಹ ಇಳಿದಿಲ್ಲ.

ಮೋಹಕ್ಕೆ ಕಾರಣ ಟೀ ಗಳಿಸಿದ ಒಳ್ಳೆಯ ಹೆಸರು. 2006ರಲ್ಲಿ ಪ್ರಕಟವಾದ ಜಪಾನಿನ ಓಸಾಕಿ ಅಧ್ಯಯನ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿತ್ತು. ದಿನಕ್ಕೆ ಐದು ಕಪ್ ಗ್ರೀನ್ ಟೀ ಕುಡಿಯುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು ಕಡಿಮೆ ಎಂದಿತು. ಅವರು ಕುಡಿದದ್ದು ಟೀ. ಆ ಪುಣ್ಯವನ್ನು ಮಾತ್ರೆಯ ಖಾತೆಗೆ ಜಮಾ ಮಾಡಿಕೊಂಡವರು ಮಾರಾಟಗಾರರು.

ತೂಕದ ವಿಚಾರವನ್ನು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2012ರ ಕಾಕ್ರೇನ್ ವಿಮರ್ಶೆಯೇ ಇತ್ಯರ್ಥ ಮಾಡಿತು: ಇಳಿಯುವುದು ಲೆಕ್ಕಕ್ಕೆ ಬಾರದಷ್ಟು. ಹಾನಿಯ ಲೆಕ್ಕ ಸ್ಪಷ್ಟವಾದದ್ದು ಅಮೆರಿಕದ ಮಿನೆಸೋಟಾದಲ್ಲಿ. ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನವೂ 843 ಮಿಲಿಗ್ರಾಂ ಇಜಿಸಿಜಿ, ಅಂದರೆ ಟೀ ಎಲೆಯ ಮುಖ್ಯ ಕ್ಯಾಟೆಚಿನ್, ಒಂದು ವರ್ಷ ಕೊಟ್ಟರು. ಕೆಟ್ಟ ಕೊಲೆಸ್ಟ್ರಾಲ್ ತುಸು ಇಳಿಯಿತು, ನಿಜ. ಆದರೆ ಶೇ 5ರಷ್ಟು ಮಂದಿಯ ಲಿವರ್ ಪರೀಕ್ಷೆ ಗಣನೀಯವಾಗಿ ಏರುಪೇರಾಯಿತು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 1ನ್ನೂ ಮುಟ್ಟಲಿಲ್ಲ. ಒಂದು ಕಪ್ ಟೀಯಲ್ಲಿ ಈ ವಸ್ತು ಇರುವುದು ಸುಮಾರು 50ರಿಂದ 100 ಮಿಲಿಗ್ರಾಂ. ಅದನ್ನೂ ಗುಟುಕು ಗುಟುಕಾಗಿ ಕುಡಿಯುತ್ತೇವೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಏರುತ್ತದೆ. ಉಪವಾಸವಿದ್ದು ತೂಕ ಇಳಿಸಲು ಹೊರಟವರು ಮಾಡುವುದೂ ಇದನ್ನೇ!

ಪ್ರಮಾಣವೊಂದೇ ಕಾರಣವಲ್ಲ. ಹೀಗೆ ಲಿವರ್ ಕೆಟ್ಟವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ಹೆಚ್ಚಾಗಿ ಕಂಡುಬಂದದ್ದನ್ನು ಅಮೆರಿಕದ ಸಂಶೋಧಕರು ಗುರುತಿಸಿದ್ದಾರೆ. ತನ್ನೊಳಗೆ ಅದಿದೆಯೇ ಎಂದು ಮಾತ್ರೆ ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ಇಂಥ ಗಂಭೀರ ಹಾನಿ ಅಪರೂಪ, ಒಪ್ಪೋಣ. ಲಾಭವೂ ಅಷ್ಟೇ ಅಪರೂಪವಾಗಿರುವಾಗ ಆ ಅಪಾಯ ಯಾಕೆ ಬೇಕು ಎಂಬುದು ನಮ್ಮ ತಕರಾರು. 

ಐರೋಪ್ಯ ಒಕ್ಕೂಟ 2022ರಲ್ಲಿ ದಿನದ ಇಜಿಸಿಜಿ 800 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ನಿಯಮ ಮಾಡಿತು. ಗರ್ಭಿಣಿಯರು, ಹಾಲೂಡಿಸುವವರು, 18 ತುಂಬದವರು ಸೇವಿಸಬಾರದು, ಬರಿಹೊಟ್ಟೆಯಲ್ಲಿ ಬೇಡ ಎಂದು ಡಬ್ಬಿಯ ಮೇಲೆ ಬರೆಸಿತು. ನಮ್ಮಲ್ಲಿ ಸಿಗುವ ಹಲವು ಡಬ್ಬಿಗಳ ಮೇಲೆ ಸಾರ ಎಷ್ಟೆಂದು ಇರುತ್ತದೆ, ಅದರೊಳಗಿನ ಇಜಿಸಿಜಿ ಎಷ್ಟೆಂದು ಇರುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಮೊದಲು ಆ ಅಂಕಿಯನ್ನು ಅಚ್ಚು ಹಾಕಿಸಲಿ.