ಗಿಡಮೂಲಿಕೆ ತಾನೇ ಎನ್ನುವ ಮೊದಲು

ನಿಮ್ಮ ಅಡುಗೆಮನೆಯ ತರಕಾರಿ ಬುಟ್ಟಿಯನ್ನೊಮ್ಮೆ ನೋಡಿ. ಬದನೆ, ಟೊಮೆಟೊ, ಆಲೂಗಡ್ಡೆ, ಹಸಿಮೆಣಸು ನಾಲ್ಕೂ ಒಂದೇ ಕುಟುಂಬದ ಗಿಡಗಳು. ಪಕ್ಕದಲ್ಲಿ ಸಿಹಿಗೆಣಸಿದ್ದರೆ ಅದು ಇವುಗಳ ದಾಯಾದಿ. ಮಾರ್ನಿಂಗ್ ಗ್ಲೋರಿ ಎಂಬ ಹೂಬಳ್ಳಿಯ ಕುಟುಂಬಕ್ಕೆ ಸೇರಿದ್ದು. ಸಸ್ಯವಿಜ್ಞಾನಿಗಳು ಈ ಎರಡೂ ಕುಟುಂಬಗಳನ್ನು ಸೊಲನೇಲಿಸ್ ಎಂಬ ಒಂದೇ ಗಣದಲ್ಲಿ ಇಟ್ಟಿದ್ದಾರೆ. ಈಗ ಬೇಲಿಯಾಚೆ ನೋಡಿ. ಅಲ್ಲಿ ಬೆಳೆದಿರುವ ಉಮ್ಮತ್ತಿಯೂ ಅದೇ ಗಣದ್ದು, ಹೊಗೆಸೊಪ್ಪೂ ಅದೇ ಗಣದ್ದು. ಹೊಟ್ಟೆ ತುಂಬಿಸುವುದೂ ಪ್ರಾಣ ತೆಗೆಯುವುದೂ ಒಂದೇ ಮನೆತನದಲ್ಲಿವೆ.

ಆದ್ದರಿಂದಲೇ "ಗಿಡಮೂಲಿಕೆ ತಾನೇ, ತೊಂದರೆ ಏನೂ ಆಗದು" ಎಂಬ ಮಾತು ಕೇಳಿದಾಗ ನನಗೆ ಆತಂಕವಾಗುತ್ತದೆ. ನಮ್ಮ ಯುನಾನಿ ಪದ್ಧತಿ ಎಂದೂ ಹಾಗೆ ಹೇಳಿಲ್ಲ. ಅದು ಔಷಧಿಗಳ ಗುಣವನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುತ್ತದೆ. ಯಕೃತ್ತಿನ ಊತಕ್ಕೆ ಕೊಡುವ ಮಕೋಯ್, ಅಂದರೆ ನಮ್ಮ ಗಣಿಕೆ ಸೊಪ್ಪು, ಎರಡನೇ ದರ್ಜೆಯದು. ಅದರದೇ ಕುಟುಂಬದ ಉಮ್ಮತ್ತಿ ನಾಲ್ಕನೇ ದರ್ಜೆಯದು. ಅಂದರೆ ವಿಷದ ಸಾಲಿನದು. ಮಾರ್ನಿಂಗ್ ಗ್ಲೋರಿಯ ಬಳಗದ ಸಖ್ಮೂನಿಯಾವನ್ನು ಹಿಂದಿನ ಹಕೀಮರು ಸೇಬಿನೊಳಗಿಟ್ಟು ಸುಟ್ಟು ಹದಗೊಳಿಸದೆ ಕೊಡುತ್ತಿರಲಿಲ್ಲ. ತುರ್ಬುದ್, ಅಂದರೆ ತಿಗಡೆ ಬೇರನ್ನು, ಮೇಲಿನ ಸಿಪ್ಪೆ ಕೆರೆದು, ಬಾದಾಮಿ ಎಣ್ಣೆ ಸವರಿಯೇ ಬಳಸುತ್ತಿದ್ದರು.

ಇತ್ತೀಚಿನ ಸಂಶೋಧನೆಗಳು ಈ ಎಚ್ಚರಿಕೆಯನ್ನು ಸುಳ್ಳು ಮಾಡಿಲ್ಲ, ಇನ್ನಷ್ಟು ಗಟ್ಟಿ ಮಾಡಿವೆ. ಬೆಲಡೋನಾ ಗಿಡದಿಂದ ಅಟ್ರೋಪಿನ್ ಎಂಬ ಸತ್ವವನ್ನು 1830ರ ದಶಕದಲ್ಲಿ ಬೇರ್ಪಡಿಸಲಾಯಿತು. ಉಮ್ಮತ್ತಿಯ ಬೀಜದಲ್ಲೂ ಅದೇ ಬಗೆಯ ಸತ್ವಗಳಿವೆ. ಇಂದು ಕೀಟನಾಶಕ ಕುಡಿದ ರೈತನ ಪ್ರಾಣ ಉಳಿಸಲು ಆಸ್ಪತ್ರೆಗಳಲ್ಲಿ ಚುಚ್ಚುವುದು ಅದೇ ಅಟ್ರೋಪಿನ್. ಮಿಲಿಗ್ರಾಂ ಲೆಕ್ಕದಲ್ಲಿ ಅಳೆದಾಗ ಜೀವದಾನ; ಅಳತೆಯಿಲ್ಲದೆ ಬೀಜ ನುಂಗಿದಾಗ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಬುದ್ಧಿ ಕಲಕಿ, ಪ್ರಾಣಕ್ಕೇ ಅಪಾಯ.

"ಸಾವಿರ ವರ್ಷಗಳಿಂದ ಹಕೀಮರು ಕೊಟ್ಟಿದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸುವುದೇಕೆ?" ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಅನುಭವ ದೊಡ್ಡದು, ಒಪ್ಪುತ್ತೇನೆ. ಆದರೆ ಅನುಭವಕ್ಕೆ ಕಾಣುವುದು ಕಣ್ಣೆದುರು ಆಗುವ ಪರಿಣಾಮ. ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ತಿಂಗಳುಗಳ ನಂತರ ಯಕೃತ್ತು ಕೆಟ್ಟರೆ ಅದು ಒಂದು ದವಾಖಾನೆಯ ಹಕೀಮನಿಗೆ ತಿಳಿಯುವುದು ಹೇಗೆ? ಅಸ್ಗಂಧವನ್ನೇ ನೋಡಿ. ಇದೂ ಬದನೆಯ ಕುಟುಂಬದ್ದೇ. ಶಕ್ತಿಗೆಂದು, ನಿದ್ದೆಗೆಂದು ಲೋಕವೆಲ್ಲ ಕ್ಯಾಪ್ಸೂಲ್ ನುಂಗತೊಡಗಿದ ಮೇಲೆ ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳು ಬಂದವು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಗಾಬರಿ ಬೇಡ, ಆದರೆ ವರದಿಗಳನ್ನು ಅಪಪ್ರಚಾರ ಎಂದು ತಳ್ಳಿಹಾಕುವುದೂ ಬೇಡ. ಹಿಂದಿನ ರೋಗಿಯ ನಾಡಿ ಹಿಡಿದು ಹಕೀಮರು ಬೇರನ್ನು ಮಾಷಾ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಇಂದು ಮೊಬೈಲಿನಲ್ಲಿ ತರಿಸಿದ ಬಾಟಲಿಗೆ ನಾಡಿ ನೋಡಲು ಬರುವುದಿಲ್ಲ. ಗರ್ಭಿಣಿಯರು, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಇನ್ನೊಂದು ಅಪಾಯ ಹೆಸರಿನಲ್ಲೇ ಇದೆ. ಮಕ್ಕಳ ಹೊಟ್ಟೆನೋವಿಗೆ ಮನೆಯಲ್ಲಿ ಬಳಸುವ ಅಜ್ವಾಯಿನ್ ನಮ್ಮ ಓಮಕಾಳು. ಅದು ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ಅಜ್ವಾಯಿನ್ ಖುರಾಸಾನಿ ಬೇರೆಯೇ ಗಿಡ. ಅದು ಉಮ್ಮತ್ತಿಯ ಬಂಧು, ಅದರಂತೆಯೇ ವಿಷಕಾರಿ. ಇವೆರಡೂ ಒಂದೇ ಅಂಗಡಿಯ ಡಬ್ಬಗಳಲ್ಲಿರಬಹುದು. ನಮ್ಮ ಔಷಧ ನಿಯಮಗಳು ಉಮ್ಮತ್ತಿ ಬೀಜವನ್ನೂ ಅಜ್ವಾಯಿನ್ ಖುರಾಸಾನಿಯನ್ನೂ ಯುನಾನಿಯ ವಿಷದ್ರವ್ಯಗಳ ಪಟ್ಟಿಯಲ್ಲಿ ಇಟ್ಟಿವೆ. ಅವುಗಳಿರುವ ಔಷಧಿಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಇರಲೇಬೇಕು. ಚೀಟಿಯಿಲ್ಲದ ಪೊಟ್ಟಣದಲ್ಲಿ ಪುಡಿ ಕಟ್ಟಿಕೊಟ್ಟರೆ ಆ ಎಚ್ಚರಿಕೆಯನ್ನು ನೀವು ಓದುವುದೆಲ್ಲಿ?

ನನ್ನ ಅಭಿಪ್ರಾಯ ಇಷ್ಟೇ: ಸಂಶೋಧನೆ ಯುನಾನಿಯ ಶತ್ರುವಲ್ಲ. 1984ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಆರಂಭವಾದದ್ದು ಸುಮ್ಮನೆ ಅಲ್ಲ. ಪರೀಕ್ಷೆಗೆ ಹೆದರುವ ಔಷಧಿಯ ಬಗ್ಗೆಯೇ ನಾವು ಹೆದರಬೇಕು. ಯಾರೇ ಮೂಲಿಕೆ ಕೊಟ್ಟರೂ, ನನ್ನನ್ನೂ ಸೇರಿಸಿ, ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಗಿಡ? ಬೇರೋ, ಎಲೆಯೋ, ಬೀಜವೋ? ಹೇಗೆ ಹದಗೊಳಿಸಿದ್ದು? ಎಷ್ಟು ಪ್ರಮಾಣ, ಎಷ್ಟು ದಿನ? ಉತ್ತರ ಸಿಗದಿದ್ದರೆ ತೆಗೆದುಕೊಳ್ಳಬೇಡಿ. ಪ್ರಶ್ನೆ ಕೇಳಿದರೆ ಹಕೀಮರಿಗೆ ಅಗೌರವ ಎಂದು ತಾಯಂದಿರು ಹಿಂಜರಿಯುವುದುಂಟು. ಅದು ಅಗೌರವವಲ್ಲ, ನಿಮ್ಮ ಹಕ್ಕು.

ಮನೆಯಲ್ಲಿಯೂ ಕೆಲವು ಎಚ್ಚರಿಕೆಗಳಿರಲಿ. ಹಸಿರು ತಿರುಗಿದ, ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೊಲನೈನ್ ಎಂಬ ವಿಷ ಹೆಚ್ಚಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ಎಸೆದುಬಿಡಿ. ಗಣಿಕೆಯ ಹಸಿರು ಕಾಯಿಗಳನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ. ಉಮ್ಮತ್ತಿ ಮನೆಯ ಸುತ್ತ ಬೆಳೆದಿದ್ದರೆ ಕಿತ್ತುಹಾಕಿ, ಕೈ ತೊಳೆದುಕೊಳ್ಳಿ. ಮಗು ಅದರ ಬೀಜ ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ, ಮನೆಮದ್ದು ಹುಡುಕುತ್ತಾ ಕೂರಬೇಡಿ. ನನ್ನ ದವಾಖಾನೆಗೂ ಬರಬೇಡಿ. ಆ ಗಿಡದ ಒಂದು ಕಾಯಿಯನ್ನು ಜೊತೆಗಿಟ್ಟುಕೊಂಡು ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.