ಪಾಯಿಂಟ್ ಸಿಕ್ಕಿತು, ಮುಂದೇನು?

ನಾನು ಮೀನು ತಿನ್ನುವವನಲ್ಲ. ನಮ್ಮ ಅನಂತಪುರಕ್ಕೂ ಸಮುದ್ರಕ್ಕೂ ಬಹಳ ದೂರ. ಅಥಣಿ ತಾಲೂಕಿನ ಈ ಗಡಿ ಊರಲ್ಲಿ ದ್ರಾಕ್ಷಿ, ಕಬ್ಬು, ಗೋವಿನಜೋಳ ಗೊತ್ತೇ ಹೊರತು ಬಲೆ, ಗಾಳ ಗೊತ್ತಿಲ್ಲ. ಆದರೂ ಈ ಸಲ ಮೀನಿನ ಬಗ್ಗೆಯೇ ಬರೆಯಬೇಕು ಅನ್ನಿಸಿದೆ. ಯಾಕೆ ಅನ್ನೋದು ಬೋರ್‌ವೆಲ್ ಹೊಡೆಸಿದವರಿಗೆಲ್ಲ ತಿಳಿದೀತು.

ನಮ್ಮ ಅಳಿಯಂದಿರು ಕುಮಟಾ ಕಡೆ ಮಾಸ್ತರರು. ಎರಡು ವರ್ಷದ ಹಿಂದೆ ದೀಪಾವಳಿ ಮುಗಿಸಿ ಮಗಳನ್ನು ಬಿಟ್ಟುಬರಲು ಹೋದವನು ನಾಲ್ಕು ದಿನ ಅಲ್ಲೇ ಉಳಿದೆ. ಅವರ ಮನೆಗೆ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ. ಅಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಸಣ್ಣ ದೋಣಿಯಲ್ಲಿ ಹೋಗಿ ಗಾಳ ಹಾಕಿ ರಾವಸ ಹಿಡಿಯುತ್ತಾರೆ. ಹೋಟೆಲಿನವರು ‘ಇಂಡಿಯನ್ ಸಾಲ್ಮನ್’ ಅಂತ ಮಾರುವುದು ಇದನ್ನೇ. ನಿಜವಾದ ಸಾಲ್ಮನ್ ಚಳಿ ದೇಶದ್ದು. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಹೊಳೆಗೇ ಬರುವಂಥದ್ದು. ಹೆಸರು ಬಿಟ್ಟರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ರಾವಸದ ಎದೆಯ ರೆಕ್ಕೆಯ ಕೆಳಗೆ ದಾರದಂಥ ನಾಲ್ಕು ಎಳೆಗಳು ಇರುತ್ತವೆ. ಕೆಸರು ನೀರಿನಲ್ಲಿ ಆಹಾರ ತಡಕಲು ಅವೇ ಅದಕ್ಕೆ ಬೆರಳು.

“ಕಾಕಾ, ಇಷ್ಟು ನೀರಾಗ ಮೀನ ಎಲ್ಲೈತಿ ಅಂತ ಹೆಂಗ ಗೊತ್ತಾಕ್ಕೈತ್ರಿ?” ಅಂತ ಕೇಳಿದೆ.

“ಮೀನು ಹುಡುಕೂದಲ್ಲ ತಮಾ, ಅದರ ಊಟ ಹುಡುಕೂದು” ಅಂದರು.

ಅವರ ಲೆಕ್ಕ ಹೀಗೆ. ರಾವಸಕ್ಕೆ ಸಿಗಡಿ, ಸಣ್ಣ ಮೀನು ಬೇಕು. ಭರತದ ನೀರಿನ ಜೊತೆ ಸಿಗಡಿ ಕಾಲುವೆಗಳಿಗೆ, ಗಜನಿ ಗದ್ದೆಗಳ ಕಡೆಗೆ ಏರುತ್ತದೆ. ಇಳಿತ ಶುರುವಾದಾಗ ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ರಾವಸ ಆ ಬಾಯಿಯಲ್ಲೇ ಕಾಯುತ್ತದೆ. ಹೊಳೆಯ ಕದಡಿದ ನೀರೂ ಸಮುದ್ರದ ತಿಳಿನೀರೂ ಕೂಡುವ ಕಡೆ ನೀರಿನ ಮೇಲೆ ಒಂದು ಗೆರೆ ಕಾಣುತ್ತದೆ. ಅಲ್ಲಿ ಸಿಗಡಿ ಚಿಮ್ಮಿದರೆ, ಹಕ್ಕಿಗಳು ಎರಗಿದರೆ, ಜೀವಂತ ಸಿಗಡಿ ಸಿಕ್ಕಿಸಿದ ಗಾಳ ಇಳಿಸಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರಿನ ಏರಿಳಿತ ಜೋರು. ಆಗಿನ ಲೆಕ್ಕವೇ ಬೇರೆ.

ಅವತ್ತು ಅವರಿಗೆ ಮೂರು ಸಿಕ್ಕವು. ಗೇಣುದ್ದದ್ದೊಂದನ್ನು ಗಾಳ ಬಿಡಿಸಿ ನೀರಿಗೇ ಬಿಟ್ಟರು. ಯಾಕೆ ಅಂದರೆ, “ಇದು ಇನ್ನೂ ತಾಯಿ ಆಗ್ಲಿಲ್ಲ” ಅಂದರು. ನನಗೆ ತಮಾಷೆ ಅನ್ನಿಸಿತು. ಸಂಜೆ ಅಳಿಯಂದಿರು ವಿವರಿಸಿದಾಗಲೇ ಅರ್ಥವಾದದ್ದು. ಈ ಮೀನು ಚಿಕ್ಕದಿರುವಾಗ ಗಂಡು. ಬೆಳೆದು ದೊಡ್ಡದಾದ ಮೇಲೆ ಅದೇ ಹೆಣ್ಣಾಗುತ್ತದೆ! ಅಂದರೆ ಸಣ್ಣಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಗೋರಿದರೆ ಮುಂದೆ ತಾಯಂದಿರೇ ಇಲ್ಲ. ಬೆಲೆ ಬರುತ್ತದೆಂದು ದೊಡ್ಡವನ್ನೆಲ್ಲ ಹಿಡಿದರೂ ಅಷ್ಟೇ.

ಹುಡುಕುವ ವಿದ್ಯೆ ಬೆಳೆಯಿತು

ಆ ಹಿರಿಯರ ವಿದ್ಯೆ ಈಗ ಯಂತ್ರಕ್ಕೆ ಬಂದಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಶಾಖ, ಬಣ್ಣ ನೋಡಿ, ಮೀನು ಸಿಗಬಹುದಾದ ಜಾಗ ತಿಳಿಸುತ್ತದೆ. ದೋಣಿಗಳಲ್ಲಿ ಜಿಪಿಎಸ್ ಇದೆ, ನೀರಿನೊಳಗಿನ ಮೀನು ತೋರಿಸುವ ಯಂತ್ರ ಇದೆ. ಇವು ಬೇಡ ಅನ್ನುವವನು ನಾನಲ್ಲ. ಡೀಸೆಲ್ ಉಳಿಯುತ್ತದೆ. ಆದರೆ ಹುಡುಕುವುದು ಸುಲಭವಾದಷ್ಟೂ ಬಿಡುವುದನ್ನು ಕಲಿಯಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ ಇದೆ. ರಾತ್ರಿ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಾನೂನು ಇಷ್ಟು ಮಾಡೀತು. ಗಾಳ ಬಿಡಿಸಿ ಮರಿಯನ್ನು ನೀರಿಗೆ ಬಿಡಲು ಪೊಲೀಸರು ಬರಲಾರರು.

“ನಾ ಬಿಟ್ಟರ ಬಾಜೂದವ ಹಿಡೀತಾನ” ಅನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಅದಕ್ಕೇ ಪಾಲು ಮೊದಲೇ ಗೊತ್ತಾಗಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್‌ಗಾಗಿ ದೊಡ್ಡ ಜಗಳವೇ ಆಗಿತ್ತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಳೇ ಒಪ್ಪಂದದ ಪ್ರಕಾರ ಅಲ್ಲಿಯ ಮೂಲನಿವಾಸಿಗಳಿಗೆ ಅರ್ಧ ಪಾಲು ಎಂದು ತೀರ್ಪು ಕೊಟ್ಟರು. 1979ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ನನಗೆ ಹಿಡಿಸಿದ್ದು ಅರ್ಧದ ಲೆಕ್ಕವಲ್ಲ. ಯಾವುದರಲ್ಲಿ ಅರ್ಧ ಅನ್ನೋದು. ಮುಂದಿನ ಸಂತಾನಕ್ಕೆ ಬೇಕಾದಷ್ಟು ಮೀನು ಬಿಟ್ಟು, ಉಳಿದದ್ದರಲ್ಲಿ ಅರ್ಧ. ಮೊದಲ ಪಾಲು ಹೊಳೆಗೆ, ಆಮೇಲೆ ನಮಗೆ.

ನಮ್ಮ ಹೊಲದ ಮಾತು

ಈಗ ನನ್ನ ತಪ್ಪು ಹೇಳುತ್ತೇನೆ. ದ್ರಾಕ್ಷಿ ಉಳಿಸಿಕೊಳ್ಳಲು ಪಾಯಿಂಟ್ ನೋಡುವವರನ್ನು ಕರೆಸಿ ನಾಲ್ಕನೇ ಬೋರು ಹೊಡೆಸಿದೆ. 620 ಅಡಿಗೆ ಎರಡು ಇಂಚು ನೀರು ಬಿತ್ತು. ಊರಿಗೆಲ್ಲ ಪೇಢೆ ಹಂಚಿದೆ. ಎರಡನೇ ಬೇಸಿಗೆಗೆ ಪಕ್ಕದ ಹೊಲದ ನಮ್ಮ ದೊಡ್ಡಪ್ಪನ ಮಗನ ಬಾವಿ ಬತ್ತಿತು. ಅಜ್ಜನ ಕಾಲದ ಬಾವಿ ಅದು. ಅಣ್ಣ ಒಂದು ಮಾತೂ ಆಡಲಿಲ್ಲ. ಮೂರನೇ ಬೇಸಿಗೆಗೆ ನನ್ನ ಬೋರೂ ಗಾಳಿ ಹೊಡೆಯಿತು. ಪಾಯಿಂಟ್ ತೋರಿಸಿದವರು ಸರಿಯಾಗೇ ತೋರಿಸಿದ್ದರು. ಎಷ್ಟು ಎತ್ತಬೇಕು ಅಂತ ನಾನೇ ಕೇಳಲಿಲ್ಲ.

ಐದನೆಯದಕ್ಕೂ ಗುರುತು ಹಾಕಿಸಿದ್ದೆ. ಅಳಿವೆಯಿಂದ ಬಂದ ಮೇಲೆ ಆ ಗೂಟ ಕಿತ್ತುಹಾಕಿದೆ. ಎರಡು ಎಕರೆ ದ್ರಾಕ್ಷಿಯಲ್ಲಿ ಒಂದನ್ನು ತೆಗೆದು ಜೋಳ ಬಿತ್ತಿದ್ದೇನೆ. ಅಣ್ಣನೂ ನಾನೂ ಸೇರಿ ನಡುವಿನ ಬದುವಿನಲ್ಲಿ ಕೃಷಿ ಹೊಂಡ ತೋಡಿಸಿದ್ದೇವೆ. ಮಳೆನೀರನ್ನು ಪಾಳಿ ಹಚ್ಚಿ ಬಳಸುತ್ತೇವೆ. ಬಾವಿಗೆ ಇನ್ನೂ ನೀರು ಬಂದಿಲ್ಲ. ಅಣ್ಣ ಮಾತಾಡುತ್ತಾನೆ.

ಕರಾವಳಿಯ ಓದುಗರಲ್ಲಿ ಒಂದು ಕೇಳಿಕೆ. ನೀವು ಮೀನು ಕೊಳ್ಳುವಾಗ ಗೇಣುದ್ದದ ರಾವಸ ಬೇಡ ಅನ್ನಿ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾದಾರು. ನಮ್ಮ ಕಡೆಯ ಬೋರಿನ ಸಾಹುಕಾರರಲ್ಲೂ ಒಂದು ಕೇಳಿಕೆ. ಮುಂದಿನ ಪಾಯಿಂಟ್ ನೋಡಿಸುವ ಮೊದಲು ಪಕ್ಕದವರ ಬಾವಿ ಒಮ್ಮೆ ಇಣುಕಿ ನೋಡಿ.